ನೀಲಮ್ಮ ಟೀಚರ ದೋಣಿ

ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಮೆಟ್ಟಿಕೊಂಡು ಹೋಗಬಾರದು ಎಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು. ಧೂಳು ಹೊಕ್ಕರೆ ಯಂತ್ರ ಕೆಡುತ್ತದೆಂದು ಎಂದೋ ಒಬ್ಬರು ಹೇಳಿರಬೇಕು. ಯಂತ್ರಗಳು ಬದಲಾದವು, ನಿಯಮ ಮಾತ್ರ ಗರ್ಭಗುಡಿಯ ಮಡಿಯಂತೆ ನಿಂತುಬಿಟ್ಟಿತು. ಹಾಗಾಗಿ ಮದರಾಸಿನ ಯಾವ ಕಾಲೇಜಿಗೆ ಹೋದರೂ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ರಾಶಿ, ಒಳಗೆ ಏಸಿಯ ಥಂಡಿಯಲ್ಲಿ ಐವತ್ತು ಅರವತ್ತು ಜನರ ಕಾಲುಚೀಲದ ವಾಸನೆ. ಅದರ ಜೊತೆಗೆ ಫಿನಾಯಿಲು, ಬಿಸಿಯಾದ ಯುಪಿಎಸ್ಸು, ಹೆಣ್ಣುಮಕ್ಕಳ ಮುಡಿಯಲ್ಲಿ ಬಾಡಿದ ಮಲ್ಲಿಗೆ. ಇದನ್ನು ಸುಗಂಧವೆಂದು ಯಾರೂ ಹೇಳಲಾರರು. ಆದರೆ ಹೋದ ತಿಂಗಳು ಗಿಂಡಿಯ ಕಡೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷೆಯ ಹೊರಗಿನ ಪರೀಕ್ಷಕನಾಗಿ ಹೋದಾಗ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು. ಮೊದಲು ಗ್ಯಾಸ್ಟ್ರಿಕ್ ಎಂದುಕೊಂಡೆ. ನನಗೆ ಎಲ್ಲವೂ ಮೊದಲು ಗ್ಯಾಸ್ಟ್ರಿಕ್ಕೇ, ಆಮೇಲೆ ಹೃದಯಾಘಾತ. ಎರಡೂ ಅಲ್ಲ. ನೀಲಮ್ಮ ಟೀಚರ್.

ಇದೇ ಲ್ಯಾಬು. ಎರಡು ಸಾವಿರದ ಆರೋ ಏಳೋ ಇರಬೇಕು, ನಾನು ಆಗ ಇಲ್ಲೇ ಲೆಕ್ಚರರ್. ಪೆರುಂಗುಡಿಯ ಒಂದು ಕಂಪನಿಗೆ ಸಮಾಜಕ್ಕೆ ಏನಾದರೂ ಒಳ್ಳೆಯದು ಮಾಡಬೇಕೆಂಬ ಹುಕಿ ಬಂದಿತ್ತು. ಹೈಸ್ಕೂಲು ಮೇಷ್ಟರುಗಳಿಗೆ ಪ್ರೋಗ್ರಾಮಿಂಗಿನ ಅ ಆ ಇ ಈ ಕಲಿಸಿಬಿಟ್ಟರೆ ಅವರು ಮಕ್ಕಳಿಗೆ ಕಲಿಸುತ್ತಾರೆ ಎಂಬ ಲೆಕ್ಕಾಚಾರ. ಅದೂ ಒಣ ಒಣ ಆವರಣಚಿಹ್ನೆಗಳಿಂದಲ್ಲ, ಆನಿಮೇಷನ್ನಿನಿಂದ. ಪರದೆಯ ಮೇಲೆ ಒಂದು ಮೈದಾನ; ಅದರೊಳಗೆ ಮೊಲವನ್ನೋ ಪೆಂಗ್ವಿನ್ನನ್ನೋ ತಂದು ನಿಲ್ಲಿಸಬೇಕು; "ಮುಂದೆ ಹೋಗು", "ತಿರುಗು", "ಹತ್ತು ಸಲ ಮಾಡು" ಎಂಬ ಸಿದ್ಧ ಪಟ್ಟಿಗಳನ್ನು ಮೌಸಿನಿಂದ ಎಳೆದು ಒಂದರ ಕೆಳಗೊಂದು ಜೋಡಿಸಬೇಕು; ಗುಂಡಿ ಒತ್ತಿದರೆ ಪ್ರಾಣಿ ಹೇಳಿದಂತೆ ಕುಣಿಯಬೇಕು. ಇಪ್ಪತ್ತು ಜನ ಶಿಕ್ಷಕರು, ಹತ್ತು ದಿನ, ಮೇ ತಿಂಗಳು. ಕೊನೆಯ ದಿನ ಕಂಪನಿಯವರು ಬಂದು ನೋಡುತ್ತಾರೆ. ಚೆನ್ನಾಗಿ ನಡೆದರೆ ಇನ್ನೂ ಎರಡು ವರ್ಷ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ನೀವೇ ಕರೆಕ್ಟ್ ಆಳು ಸಾರ್," ಎಂದು ನಮ್ಮ ಎಚ್‌ಓಡಿ ತಮಿಳಿನಲ್ಲಿ ಹೇಳಿ ನನ್ನ ಬೆನ್ನು ತಟ್ಟಿದರು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಲು ನನಗೆ ಊರಿರಲಿಲ್ಲ ಎಂಬುದೇ ನನ್ನ ಅರ್ಹತೆ. ನಾವು ಮೂರು ತಲೆಮಾರಿನಿಂದ ಮದರಾಸಿನ ತಿರುವಲ್ಲಿಕ್ಕೇಣಿಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮಗಳ ಜೊತೆ ಅವಳು ಯಾವುದರಲ್ಲಿ ಉತ್ತರ ಕೊಡುತ್ತಾಳೋ ಅದು.

ನನ್ನ ಸ್ವಭಾವವನ್ನು ಇಲ್ಲಿ ಹೇಳಿಬಿಡಬೇಕು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸ್ ಓಡಿದವನು ನಾನು. ಹೋಗಿ ನೋಡಿದರೆ ಒಲೆ ಉರಿಯುತ್ತಿತ್ತು, ಮುಂದೆ ಹೆಂಡತಿ ನಿಂತು ಹುಳಿ ಕುದಿಸುತ್ತಿದ್ದಳು. "ಬಂದಿದೀರಲ್ಲ, ಕೊತ್ತಂಬರಿ ಹೆಚ್ಚಿಕೊಡಿ," ಎಂದಳು. ಇಂಥವನಿಗೆ ಇಲ್ಲಿಯವರು ಕತ್ತರಿ ವೆಯಿಲು ಎನ್ನುವ ಮೇ ತಿಂಗಳ ಕಡುಬಿಸಿಲಿನ ನಡುವೆ, ದಿನಕ್ಕೆರಡು ಸಲ ಕರೆಂಟು ಹೋಗುವ ಕಾಲದಲ್ಲಿ, ಮೌಸನ್ನು ಗಾಜಿನ ಲೋಟದಂತೆ ಹಿಡಿಯುವ ಇಪ್ಪತ್ತು ಜನರನ್ನು ಒಪ್ಪಿಸಿದ್ದರು.

ಆ ಇಪ್ಪತ್ತರಲ್ಲಿ ನೀಲಮ್ಮ ಟೀಚರನ್ನು ನಾನು ಮೊದಲ ದಿನವೇ ಕಷ್ಟದ ಕೇಸು ಎಂದು ಗುರುತು ಹಾಕಿಕೊಂಡೆ. ಮಿಕ್ಕವರೆಲ್ಲ ಗಣಿತ, ವಿಜ್ಞಾನ, ಕಾಮರ್ಸು. ಇವರು ಹೊಲಿಗೆ ಟೀಚರ್. ವಯಸ್ಸು ನಲವತ್ತೆಂಟು. ಊರಿನ ಉತ್ತರ ತುದಿಯ ತಿರುವೊಟ್ಟಿಯೂರಿನಿಂದ ಬೀಚ್ ಸ್ಟೇಷನ್ನು, ಅಲ್ಲಿ ಇಳಿದು ಇನ್ನೊಂದು ರೈಲು ಹಿಡಿದು ಗಿಂಡಿ. ಒಂಬತ್ತಕ್ಕೆಲ್ಲ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲಿಗೆ ಥಂಡಿಯಾಗದಂತೆ ತಾವೇ ಹೆಣೆದ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕೂತಿರುತ್ತಿದ್ದರು. ಹೊರಗೆ ನಲವತ್ತೆರಡು ಡಿಗ್ರಿ.

ಹಾಜರಿ ಹಾಳೆಯ ಮೇಲಿದ್ದ ನನ್ನ ಹೆಸರಿನ ಜಾಡು ಹಿಡಿದು ಎರಡನೇ ದಿನವೇ ಕೇಳಿದರು: "ಸರ, ನೀವು ಕನ್ನಡದವರೇನ್ರಿ?"

"ಹೌದು ಮೇಡಂ. ನೀವು?"

"ನಾವೂನು. ನಮ್ಮ ಮುತ್ತ್ಯಾ ಇಳಕಲ್ ಕಡಿಂದ ಸೀರಿ ವ್ಯಾಪಾರಕ್ಕ ಬಂದವ್ರು, ಇಲ್ಲೇ ಉಳಿದ್ರು. ನನ್ನ ಕನ್ನಡದಾಗ ಅರ್ಧ ತಮಿಳ ಐತಿ, ಪರವಾಯಿಲ್ಲ, ನಿಮ್ಮದ್ರಾಗೂ ಐತಿ."

ಹಾಗೆ ಶುರುವಾದ ಮಾತಿನಲ್ಲಿ ವಿಷಯ ತಿಳಿಯಿತು. ಅವರ ಶಾಲೆಯಲ್ಲಿ ಹೊಲಿಗೆ ತರಗತಿಯನ್ನು ನಿಲ್ಲಿಸಿದ್ದರು. ಕರೆಸ್ಪಾಂಡೆಂಟ್, ಅಂದರೆ ಶಾಲೆ ನಡೆಸುವ ಯಜಮಾನರು, ಕರೆದು ಹೇಳಿದ್ದರಂತೆ: ಜೂನ್ ಒಳಗೆ ಈ ತರಬೇತಿ ಮುಗಿಸಿದ ಸರ್ಟಿಫಿಕೇಟು ತಂದರೆ ಎಂಟು ಒಂಬತ್ತರ ಕಂಪ್ಯೂಟರ್ ಕ್ಲಾಸು ನಿಮಗೆ, ತರದಿದ್ದರೆ ನಿಮಗೆ ಕೊಡಲು ಕೆಲಸವಿಲ್ಲ. ಇಪ್ಪತ್ತಮೂರು ವರ್ಷ ಸರ್ವೀಸಾದ ಮೇಲೆ. ಇದನ್ನು ಹೇಳುವಾಗ ಅವರು ಅಳಲಿಲ್ಲ, ಗೊಣಗಲಿಲ್ಲ. "ಸೂಜಿ ಬಿಟ್ಟು ಇಲಿ ಹಿಡಕೊಳ್ಳಿ ಅಂದಾರ," ಎಂದು ಮೌಸನ್ನು ತೋರಿಸಿ ನಕ್ಕರು. ಚಿಂತೆಯನ್ನೆಲ್ಲ ಅವರ ಪರವಾಗಿ ನಾನೇ ಮಾಡಲು ಶುರು ಮಾಡಿದೆ.

ಮಾಡಬೇಕಾದ್ದೇ ಇರಲಿಲ್ಲ. ನಾಲ್ಕನೇ ದಿನ "ಹತ್ತು ಸಲ ಮಾಡು" ಎಂಬ ಪಟ್ಟಿಯನ್ನು ಹೇಳಿಕೊಡುತ್ತಿದ್ದೆ. ಗಣಿತದ ಮೇಷ್ಟರು ಒಬ್ಬರು ಅದರ ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆಯಿರಿ ಎಂದು ಹಟ ಹಿಡಿದಿದ್ದರು. ನೀಲಮ್ಮ ಹಿಂದಿನ ಸಾಲಿನಿಂದ, "ಸರ, ಇದು ಸರಪಳಿ ಹೊಲಿಗಿ. ಒಂದು ಕೊಂಡಿ ಹೆಂಗ ಹಾಕೂದು ಅಂತ ಒಮ್ಮೆ ಹೇಳಿದ್ರ ಆತು, ಎಷ್ಟು ಬೇಕೋ ಅಷ್ಟು ಹಾಕ್ಕೊಂತ ಹೋಗೂದು," ಎಂದರು. ಆಮೇಲೆ ಅದನ್ನೇ ಪಕ್ಕದವರಿಗೆ ತಮಿಳಿನಲ್ಲಿ ಹೇಳಿ, ಸೆರಗಿನ ಅಂಚು ತೋರಿಸಿದರು. ಎರಡು ಸಾಲು ಜನಕ್ಕೆ ಒಂದೇ ಸಲ ಅರ್ಥವಾಯಿತು. ಹನ್ನೆರಡು ವರ್ಷ ಪಾಠ ಮಾಡಿದ ನಾನು ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತಿದ್ದೆ.

ಇನ್ನೊಂದು ವಿಚಿತ್ರ ಅಭ್ಯಾಸ ಅವರದು. ಯಾರದಾದರೂ ಪೆಂಗ್ವಿನ್ ಚೆನ್ನಾಗಿ ಕುಣಿದರೆ ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಇವರು ಮಾತ್ರ ಕುಣಿತ ನೋಡದೆ ಕೆಳಗಿನ ಪಟ್ಟಿಗಳನ್ನು ಓದುತ್ತಿದ್ದರು. ಯಾಕೆಂದು ಕೇಳಿದೆ.

"ಕಸೂತಿ ನೋಡಬೇಕಾದ್ರ ಬಟ್ಟಿ ತಿರುವಿ ಹಿಂದ ನೋಡಬೇಕ್ರಿ. ಮುಂದ ಎಲ್ಲಾರದೂ ಚಂದನ ಇರ್ತದ. ನಮ್ಮ ಹುಡುಗೀರು ಮನ್ಯಾಗ ಅವ್ವನ ಕಡೆ ಹೊಲಿಸಿಕೊಂಡು ಬರ್ತಿದ್ರು. ಹಿಂದ ತಿರುವಿದ್ರ ಸಾಕು, ಎಲ್ಲಿ ತನಕ ಮಗಳ ಕೈ, ಎಲ್ಲಿಂದ ಅವ್ವನ ಕೈ ಅಂತ ಗೊತ್ತಾಗಿಬಿಡ್ತದ."

"ಆಗ ಏನು ಮಾಡ್ತಿದ್ರಿ?"

"ಅವ್ವ ಹೊಲಿದಷ್ಟು ಬಿಚ್ಚಿಸ್ತಿದ್ದೆ. ಅವ್ವಂದ್ರು ಬಂದು ಬೈತಿದ್ರು."

ಎಂಟನೇ ದಿನದ ಹೊತ್ತಿಗೆ ನನ್ನ ನಿದ್ದೆ ಹಾರಿಹೋಗಿತ್ತು. ಕೊನೆಯ ದಿನ ಪ್ರತಿಯೊಬ್ಬರೂ ಹತ್ತಿರದ ಶಾಲೆಯಿಂದ ರಜೆಯಲ್ಲೂ ಕರೆಸಿದ ಎಂಟನೇ ಕ್ಲಾಸಿನ ಮಕ್ಕಳಿಗೆ ಕಾಲು ಗಂಟೆ ಪಾಠ ಮಾಡಬೇಕು, ಒಂದು ಆನಿಮೇಷನ್ ತೋರಿಸಬೇಕು. ನೋಡುವವರು ಪೆರುಂಗುಡಿಯಿಂದ ಬರುವ ಇಬ್ಬರು ಮತ್ತು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಅವರ ಹಾಳೆಯಲ್ಲಿ ಒಂದೇ ಮುಖ್ಯ ಕಾಲಂ: ಔಟ್‌ಪುಟ್ ಬಂತೋ, ಇಲ್ಲವೋ. ನನ್ನ ಲೆಕ್ಕದಲ್ಲಿ ಇಪ್ಪತ್ತರಲ್ಲಿ ಹದಿನೈದು ಜನಕ್ಕೆ ಬರುವುದಿಲ್ಲ.

ಆಗ ನಾನು ಮಾಡಿದ್ದು ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಮಾಡುವ ಕೆಲಸ. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುವ ಮೊದಲು ಯಂತ್ರಗಳಲ್ಲಿ ಸಿದ್ಧ ಪ್ರೋಗ್ರಾಮುಗಳನ್ನು ಇಟ್ಟಿರುತ್ತಾರೆ. ಯಾರಿಗಾದರೂ ಬಾರದಿದ್ದರೆ ತೆರೆದು ಗುಂಡಿ ಒತ್ತಿದರಾಯಿತು. ಇದನ್ನು ಮೋಸವೆಂದು ಯಾರೂ ಕರೆಯುವುದಿಲ್ಲ, ಮದುವೆಮನೆಯಲ್ಲಿ ಹೆಚ್ಚಿಗೆ ಎರಡು ಎಲೆ ಹಾಕಿಸಿದ ಹಾಗೆ. ನಾನೂ ಒಂದು ಪೆಂಗ್ವಿನ್ ಕುಣಿತ ಸಿದ್ಧ ಮಾಡಿ, ಲ್ಯಾಬ್ ಅಸಿಸ್ಟೆಂಟ್ ಏಳುಮಲೈ ಕೈಯಲ್ಲಿ ಇಪ್ಪತ್ತು ಯಂತ್ರಕ್ಕೂ ಹಾಕಿಸಿದೆ. "ಬೇಕಾದವರು ಇದನ್ನೇ ತೋರಿಸಬಹುದು, ಸಂಕೋಚ ಬೇಡ," ಎಂದೆ. ಹತ್ತೊಂಬತ್ತು ಜನ ಸಂಕೋಚ ಪಡಲಿಲ್ಲ.

"ನನಗ ಬ್ಯಾಡ್ರಿ ಸರ. ನಂದ ಐತಿ," ಎಂದರು ನೀಲಮ್ಮ.

ಅವರದು ದೋಣಿ. ತಿರುವೊಟ್ಟಿಯೂರಿನ ಮೀನುಗಾರರ ದೋಣಿ, ನೀಲಿ ನೀರಿನ ಮೇಲೆ. ಹತ್ತು ಸಲ ಮಾಡು: ಒಂದು ಮೀಟರು ಮುಂದೆ ಹೋಗು, ಕಾಲು ಮೀಟರು ಏಳು, ಕಾಲು ಮೀಟರು ಇಳಿ. ಅಷ್ಟೇ. ದೋಣಿ ಅಲೆಯ ಮೇಲೆ ಮೆಲ್ಲಗೆ ಏಳುತ್ತಾ ಇಳಿಯುತ್ತಾ ಬಲಗಡೆಗೆ ಹೋಗುತ್ತಿತ್ತು. ಪಟ್ಟಿಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡಿದ್ದರು.

ಒಂಬತ್ತನೇ ದಿನ ಸಂಜೆ ಐದೂವರೆ. ಎಲ್ಲರೂ ಹೋಗಿದ್ದರು. ನಾನು ಒಂದೊಂದೇ ಯಂತ್ರದ ಮುಂದೆ ಕೂತು ಪೆಂಗ್ವಿನ್ ಕುಣಿಯುತ್ತದೋ ಇಲ್ಲವೋ ನೋಡುತ್ತಾ ನೀಲಮ್ಮನ ಯಂತ್ರಕ್ಕೆ ಬಂದೆ. ದೋಣಿ ನಡೆಸಿ ನೋಡಿದೆ. ಸರಿಯಾಗಿತ್ತು. ಸರಿಯಾಗಿದ್ದದ್ದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಕೊನೆಯ ಸಾಲಿಗೆ ಹೋಗಿ ನಿಂತು ನೋಡಿದೆ. ಅಷ್ಟು ದೂರಕ್ಕೆ ದೋಣಿಯ ಏರಿಳಿತ ಕಾಣುತ್ತಲೇ ಇರಲಿಲ್ಲ. ಪೆರುಂಗುಡಿಯವರು ಹಿಂದೆ ಕೂತರೆ? ಇದೇನಮ್ಮ, ಸುಮ್ಮನೆ ಜಾರಿಕೊಂಡು ಹೋಗುತ್ತದೆ ಎಂದರೆ? ಕಾಲು ಮೀಟರಿನ ಬದಲು ಅರ್ಧ ಇದ್ದರೆ ಚೆನ್ನಾಗಿ ಕಾಣುತ್ತದೆ. ಅವರ ಕೆಲಸ ಉಳಿಯಬೇಕಲ್ಲ. ಕೂತು, "ಇಳಿ" ಎಂಬಲ್ಲಿ ಕಾಲು ಅಳಿಸಿ ಅರ್ಧ ಹಾಕಿದೆ.

"ಸಾರ್, ಪೂಟ್ಟಣುಂ," ಎಂದ ಏಳುಮಲೈ, ಬೀಗ ಹಾಕಬೇಕೆಂದು ಬೀಗದ ಕೈ ಅಲ್ಲಾಡಿಸುತ್ತಾ. "ಆರು ಗಂಟೆ ಟ್ರೈನ್ ಬಿಟ್ಟಾ ನಾನ್ ಸತ್ತೆ."

ಬಂದೆ ಬಂದೆ ಎಂದು ಅವಸರದಲ್ಲಿ ಉಳಿಸಿ, ಯಂತ್ರ ಆರಿಸಿ ಎದ್ದೆ. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುವ ಈ ಮನುಷ್ಯ "ಏಳು" ಎಂಬಲ್ಲಿ ಕಾಲು ಹಾಗೇ ಉಳಿದದ್ದನ್ನು ಒಂದು ಸಲವೂ ನೋಡಲಿಲ್ಲ. ಒಂದು ಅಕ್ಷರ ಬದಲಿಸಿದರೂ ಮತ್ತೆ ನಡೆಸಿ ನೋಡಿ ಎಂದು ಒಂಬತ್ತು ದಿನ ಬಾಯಿ ನೋಯುವಂತೆ ಹೇಳಿದವನು ನಾನೇ.

ಮಾರನೆಯ ದಿನ ಹತ್ತೊಂಬತ್ತು ಸಲ ಅದೇ ಪೆಂಗ್ವಿನ್ ಕುಣಿಯಿತು. ಪಾಪ, ಪೆರುಂಗುಡಿಯ ಹುಡುಗ ಹುಡುಗಿ ಇಬ್ಬರೂ ಹತ್ತೊಂಬತ್ತು ಸಲವೂ ನಕ್ಕರು. ಎಲ್ಲರೂ ಒಂದೇ ಪಾಠ ಆರಿಸಿಕೊಂಡಿದ್ದಾರೆ ಎಂದುಕೊಂಡರು. ಮಧ್ಯಾಹ್ನದ ಮೇಲೆ ನೀಲಮ್ಮನ ಸರದಿ. ಮಕ್ಕಳ ಕಡೆ ತಿರುಗಿ, ಕಡಲಲ್ಲಿ ದೋಣಿ ಹೇಗೆ ಹೋಗುತ್ತದೆ ಎಂದು ತಮಿಳಿನಲ್ಲಿ ಕೇಳಿದರು. ಮಕ್ಕಳೆಲ್ಲ ಕೈಯಲ್ಲಿ ಅಲೆ ಮಾಡಿ ತೋರಿಸಿದರು. ಸರಿ, ನೋಡೋಣ ಎಂದು ಗುಂಡಿ ಒತ್ತಿದರು.

ದೋಣಿ ಒಂದು ಸಲ ಎದ್ದು ಎದ್ದದ್ದಕ್ಕಿಂತ ಕೆಳಗೆ ಇಳಿಯಿತು. ಮತ್ತೆ ಸ್ವಲ್ಪ ಎದ್ದು ಇನ್ನೂ ಕೆಳಗೆ. ಐದನೇ ಸಲಕ್ಕೆ ಹಾಯಿಪಟದ ತುದಿ ಮಾತ್ರ ಕಾಣುತ್ತಿತ್ತು. ಹತ್ತನೇ ಸಲಕ್ಕೆ ಬರೀ ನೀಲಿ.

ಮಕ್ಕಳು ಹೋ ಎಂದು ನಕ್ಕರು. ನೀಲಮ್ಮನೂ ನಕ್ಕರು, ಅಭ್ಯಾಸಬಲದಿಂದ. ಆಮೇಲೆ ನಗು ನಿಂತಿತು. ನನಗೆ ಹಿಂದಿನ ಸಂಜೆಯ ನನ್ನ ಬೆರಳು ಕಣ್ಣಿಗೆ ಕಟ್ಟಿತು. ಎದ್ದು ನಿಂತು ಇದು ನನ್ನ ಕೆಲಸ ಎಂದರೆ ಸಾಕಾಗಿತ್ತು. ಆದರೆ ನಿಮ್ಮ ಕೈ ಅವರ ಯಂತ್ರದಲ್ಲಿ ಯಾಕಿತ್ತು ಎಂದು ಕೇಳುತ್ತಾರೆ. ಪಕ್ಕದ ಯಂತ್ರಗಳನ್ನು ನೋಡುತ್ತಾರೆ. ಹತ್ತೊಂಬತ್ತು ಪೆಂಗ್ವಿನ್ನುಗಳು ಸಾಲಾಗಿ ನನ್ನ ಕಡೆ ಬೆರಳು ತೋರಿಸುತ್ತವೆ. ಕೂತೇ ಇದ್ದೆ.

ನೀಲಮ್ಮ ಮಕ್ಕಳನ್ನು ಕೇಳಿದರು: "ದೋಣಿ ಯಾಕೆ ಮುಳುಗಿತು? ಯಾರು ಹೇಳ್ತೀರಿ? ಕೆಳಗೆ ಪಟ್ಟಿ ನೋಡಿ, ಮೇಲೆ ನೋಡಬೇಡಿ." ಒಂದು ನಿಮಿಷ ಗದ್ದಲ. ಮಕ್ಕಳು ಎದ್ದು ಪರದೆಯ ಹತ್ತಿರ ಬಂದುಬಿಟ್ಟರು. ಎರಡು ಜಡೆಯ ಒಂದು ಹುಡುಗಿ, "ಮಿಸ್, ಏಳೋದಕ್ಕಿಂತ ಇಳಿಯೋದು ಜಾಸ್ತಿ ಇದೆ ಮಿಸ್!" ಎಂದು ಕೂಗಿದಳು. ನೀಲಮ್ಮ ಅವಳ ಕೈಗೆ ಮೌಸು ಕೊಟ್ಟರು. ಅಷ್ಟರಲ್ಲಿ ಅವರ ಕಾಲು ಗಂಟೆ ಮುಗಿದು ಗಂಟೆ ಹೊಡೆಯಿತು.

ಆ ದಿನ ಆ ಲ್ಯಾಬಿನಲ್ಲಿ ನಡೆದ ಪಾಠ ಅದೊಂದೇ. ಪೆರುಂಗುಡಿಯ ಹುಡುಗ ನನ್ನ ಕಡೆ ಬಾಗಿ, "ಔಟ್‌ಪುಟ್ ವರಲೈಯೇ ಸಾರ್," ಎಂದು ಮೆಲ್ಲಗೆ ಹೇಳಿದ, ಅವನಿಗೂ ಬೇಜಾರಾಗಿತ್ತು. "ಇಲ್ಲ" ಎಂಬಲ್ಲಿ ಗುರುತು ಹಾಕಿದ. ಕೆಳಗೆ ಸಂಯೋಜಕರ ಸಹಿ. ಹಾಕಿದೆ.

ಅದಾದ ನಾಲ್ಕನೇ ದಿನ ತಿರುವೊಟ್ಟಿಯೂರಿಗೆ ಹೋದೆ. ನೆಪಕ್ಕೆ ಅವರು ಲ್ಯಾಬಿನಲ್ಲಿ ಮರೆತಿದ್ದ ಊಟದ ಡಬ್ಬಿ ಇತ್ತು. ದೇವಸ್ಥಾನದ ಹಿಂದಿನ ಬೀದಿ, ಉಪ್ಪು ಗಾಳಿ, ಕಾರ್ಖಾನೆಯ ಹೊಗೆ, ನಡುವೆ ಅವರ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ.

"ಅಯ್ಯ, ಇದಕ್ಕಾಗಿ ಅಲ್ಲಿಂದ ಬಂದ್ರೇನ್ರಿ ಸರ? ಕೂಡ್ರಿ, ಕಾಪಿ ಮಾಡ್ತೀನಿ."

ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಕಾಫಿ ಬಂತು, ಕುಡಿದೆ, ಬಿಸಿಲಿನ ಬಗ್ಗೆ ಮಾತಾಡಿದೆ. ಅವರು ಎದ್ದು ಒಳಗಿನಿಂದ ನೋಟುಬುಕ್ಕು ತಂದು ನನ್ನ ಮುಂದೆ ಬಿಚ್ಚಿಟ್ಟರು. ಪೆನ್ಸಿಲಿನಲ್ಲಿ ಎರಡು ಸಾಲು: ಏಳು, ಕಾಲು. ಇಳಿ, ಕಾಲು.

"ನಾ ಕಾಲು ಹಾಕಿದ್ನ್ರಿ. ಅಲ್ಲಿ ಅರ್ಧ ಇತ್ತು. ನಾಲ್ಕು ದಿವಸ ಆತು, ತಿರುವಿ ತಿರುವಿ ನೋಡಾಕತ್ತೀನಿ." ಎರಡನೇ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: "ಅವ್ವನ ಕೈ ಬಿದ್ದೈತಿ ಅನಿಸ್ತದ್ರಿ ಸರ."

ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗಿಯೊಬ್ಬಳು ತಾನೇ ಒಪ್ಪಿಕೊಳ್ಳಲಿ ಎಂದು ಕಾಯುವ ಟೀಚರಿನ ದನಿ. ನಾನು ಲೋಟದ ತಳದ ಸಕ್ಕರೆಯನ್ನು ನೋಡಿದೆ.

"ಪಾಸಾದವ್ರ ಪಟ್ಟಿ ಹೋತೇನ್ರಿ ಕಂಪನಿಗೆ?"

"ಇಲ್ಲ. ಸೋಮವಾರ ಹೋಗುತ್ತೆ."

"ಹಂಗಾರ ಇನ್ನೂ ಮೂರು ದಿವಸ ಐತಿ," ಎಂದು ಲೋಟ ಎತ್ತಿಕೊಂಡರು.

ಮೂರು ದಿನದಲ್ಲಿ ಕಂಪನಿಗೆ ಕಳಿಸಲೆಂದು ಒಂದೇ ಪತ್ರವನ್ನು ಏಳು ಸಲ ಬರೆದೆ. ಮೊದಲನೆಯದರಲ್ಲಿ "ನನ್ನ ತಪ್ಪಿನಿಂದ" ಎಂದಿತ್ತು. ಮೂರನೆಯದರಲ್ಲಿ "ಅಜಾಗರೂಕತೆಯಿಂದ". ಏಳನೆಯದರಲ್ಲಿ "ತಾಂತ್ರಿಕ ದೋಷದಿಂದ" ಎಂಬಲ್ಲಿಗೆ ಬಂದು ನಿಂತಿತು, ಅದನ್ನೇ ಎಚ್‌ಓಡಿಗೆ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ತಾಂತ್ರಿಕ ದೋಷ ಅಂದ್ರೆ ಎಲ್ಲಾ ಮೆಷಿನ್ ಚೆಕ್ ಮಾಡ್ತಾರೆ ಸಾರ್. ಮಾಡಲಿ ಬಿಡಿ, ನಮಗೇನು ಭಯ?" ಎಂದು ನನ್ನ ಮುಖ ನೋಡಿದರು. ಅವರಿಗೆ ಪೆಂಗ್ವಿನ್ ವಿಷಯ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಪತ್ರವನ್ನು ವಾಪಸ್ ಇಸಿದುಕೊಂಡೆ. ಕೊನೆಗೆ ಗೋಗರೆದು ನೀಲಮ್ಮನಿಗೆ "ಭಾಗವಹಿಸಿದ್ದಾರೆ" ಎಂಬ ಸರ್ಟಿಫಿಕೇಟು ಕೊಡಿಸಿದೆ. "ಪೂರೈಸಿದ್ದಾರೆ" ಎಂಬುದಲ್ಲ. ಅವರ ಕರೆಸ್ಪಾಂಡೆಂಟ್ ಎರಡರ ವ್ಯತ್ಯಾಸ ಬಲ್ಲವರಾಗಿದ್ದರು. ಜೂನಿನಲ್ಲಿ ಆ ಶಾಲೆಯ ಕಂಪ್ಯೂಟರ್ ಕ್ಲಾಸಿಗೆ ನಮ್ಮ ಹತ್ತೊಂಬತ್ತರಲ್ಲೇ ಒಬ್ಬರನ್ನು ತೆಗೆದುಕೊಂಡರೆಂದು ಮುಂದಿನ ವರ್ಷದ ತರಬೇತಿಯಲ್ಲಿ ಯಾರೋ ಹೇಳಿದರು. ಹೌದು, ಮುಂದಿನ ವರ್ಷವೂ ನಡೆಯಿತು, ಅದರ ಮುಂದಿನ ವರ್ಷವೂ. ಪೆಂಗ್ವಿನ್ ಅದೇ. ನೀಲಮ್ಮ ಮನೆಯಲ್ಲೇ ಹೊಲಿಗೆ ಹೇಳಿಕೊಡುತ್ತಿದ್ದಾರೆ ಎಂದೂ ಯಾರೋ ಅಂದರು. ನಾನು ಮತ್ತೆ ತಿರುವೊಟ್ಟಿಯೂರಿಗೆ ಹೋಗಲಿಲ್ಲ. ಆ ಕಡೆ ಹೋಗುವ ರೈಲಿನ ಬೋರ್ಡು ಕಂಡರೂ ಬೇರೆ ಪ್ಲಾಟ್‌ಫಾರ್ಮಿಗೆ ನಡೆದುಬಿಡುತ್ತೇನೆ, ಅದೆಲ್ಲಿ ನನ್ನನ್ನು ಎಳೆದುಕೊಂಡು ಹೋಗುತ್ತದೆಯೋ ಎಂಬಂತೆ.

ಹೋದ ತಿಂಗಳು ಅದೇ ಲ್ಯಾಬಿನಲ್ಲಿ ನನಗೆ ಪಪ್ಸು, ಗೋಡಂಬಿ, ಕಾಫಿ ಬಂತು. ಹೊರಗಿನ ಪರೀಕ್ಷಕನ ಮರ್ಯಾದೆ. ಆ ಕಾಲೇಜಿನ ಚಿಕ್ಕ ವಯಸ್ಸಿನ ಪರೀಕ್ಷಕ ಅಂಕಪಟ್ಟಿ ಹಿಡಿದು ಬಂದ. "ಎಲ್ಲಾರಿಗೂ ಔಟ್‌ಪುಟ್ ಬಂದಾಚು ಸಾರ್. ಒಂದೇ ಒಂದು ಹುಡುಗಿ ಬಾಕಿ. ಬರಲ್ಲ ಅದು. ನೀವು ಸೈನ್ ಮಾಡಿ, ಹೊರಡಿ, ಟ್ರಾಫಿಕ್ ಆಗುತ್ತೆ."

ಕೊನೆಯ ಸಾಲಿಗೆ ಹೋದೆ. ಹುಡುಗಿ ಪರದೆಗೆ ಮೂಗು ತಾಗುವಷ್ಟು ಬಾಗಿ ಕೂತಿದ್ದಳು. ಅವಳ ಹಿಂದೆ ನಿಂತ ಕೂಡಲೇ ತಪ್ಪು ಕಂಡಿತು, ಮೂರನೇ ಸಾಲು, ಕೂಡಬೇಕಾದಲ್ಲಿ ಕಳೆದಿದ್ದಳು. ಒಂದು ಕೀಲಿ ಒತ್ತಿದರೆ ಸಾಕು. ಬಲಗೈ ತಾನಾಗಿ ಮುಂದೆ ಹೋಯಿತು.

"ಸಾರ್, ಟೆನ್ ಮಿನಿಟ್ಸ್ ಸಾರ್, ಪ್ಲೀಸ್," ಎಂದಳು ತಿರುಗದೆ.

ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದು ನಿಂತೆ. ಚಿಕ್ಕ ಪರೀಕ್ಷಕ ಗಡಿಯಾರ ನೋಡಿ, ನನ್ನನ್ನು ನೋಡಿ, ಕುರ್ಚಿ ಎಳೆದು ತಂದ.

"ಬೆನ್ನು ನೋವಾ ಸಾರ್? ಕೂತ್ಕೊಳಿ."

"ಹೌದಪ್ಪ," ಎಂದೆ. "ಹಳೇದು."

ಹುಡುಗಿ ಒಂದು ಸಾಲು ಅಳಿಸಿದಳು. ತಪ್ಪಿದ್ದ ಸಾಲು ಅದಲ್ಲ. ನಾನು ಕೈ ಸಡಿಲಿಸಲಿಲ್ಲ.